ಮಸ್ಕಿಯಲ್ಲಿ ಮುನಿಯುವ ಮೋಟಾರು

ನನ್ನ ತವರು ಲಿಂಗಸುಗೂರು, ಕೊಟ್ಟ ಮನೆ ಸಿಂಧನೂರು. ನಡುವೆ ಮಸ್ಕಿ. ಮಸ್ಕಿಯಲ್ಲಿ ನನ್ನ ಗಂಡನ ಅಕ್ಕ. ಇಷ್ಟು ಗೊತ್ತಾದರೆ ನನ್ನ ಕಷ್ಟದ ಅರ್ಧ ಗೊತ್ತಾದ ಹಾಗೆ.

ಉಳಿದರ್ಧ ಕಷ್ಟವನ್ನು ನನ್ನ ಗಂಡ ಕೊಂಡು ತಂದಿದ್ದರು. ನಿಜಾಮರ ಕಾಲ ಮುಗಿದು ನಾಲ್ಕೈದು ವರ್ಷವಾಗಿತ್ತು. ಜಹಗೀರು ಕಳೆದುಕೊಂಡ ಸಾಹೇಬರೊಬ್ಬರು ಹೈದರಾಬಾದಿಗೆ ಹೋಗುವಾಗ ತಮ್ಮ ಹಳೆಯ ಮೋಟಾರನ್ನು ಇವರಿಗೆ ಮಾರಿದರು. ಅದಕ್ಕೆ ಸೆಲ್ಫ್ ಇತ್ತು. ಗುಂಡಿ ಒತ್ತಿದರೆ ಎಂಜಿನ್ ತಾನಾಗಿ ಶುರುವಾಗುತ್ತಿತ್ತು, ಆದರೆ ತಣ್ಣಗಿದ್ದಾಗ ಮಾತ್ರ. ಓಡಿ ಬಿಸಿಯಾದ ಮೇಲೆ ಒಮ್ಮೆ ನಿಲ್ಲಿಸಿದರೆ ಮುಗಿಯಿತು, 'ಕಟ್' ಎಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಹೊಗೆ ಹೋಗುವ ಕೊಳವೆಯ ಮಗ್ಗುಲಲ್ಲೇ ಸೆಲ್ಫ್ ಕೂತಿತ್ತು. ಆ ಕಾವಿಗೆ ಬೆಂದು ಹೋಗುತ್ತಿತ್ತು. ಸಂಜೆ ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು. ಮೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸಿಯೂ ಶುರು ಮಾಡಬಹುದಿತ್ತು, ಆದರೆ ಒಮ್ಮೆ ಅದು ಒದ್ದು ಮಣಿಕಟ್ಟು ಊದಿದ ಮೇಲೆ ಇವರು ಅದನ್ನು ಮುಟ್ಟಲಿಲ್ಲ. ನೂಕಿಸಿರೆಂದರೆ, "ಮಂದಿ ಕಡಿಂದ ನೂಕಿಸ್ಕೊಳ್ಳಾಕ ಮೋಟಾರ್ ಯಾಕ ಬೇಕು?" ಎಂಬ ಬಿಗುಮಾನ. ನಾನು ಬಸ್ಸಿಗೆ ಹೋಗುತ್ತೇನೆಂದರೆ ಇನ್ನೂ ಸಿಟ್ಟು.

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು, ಜೋಕಾಲಿ ಆಡಲೇಬೇಕು. ಮೋಟಾರು ಬಂದ ಮೊದಲ ಪಂಚಮಿಗೆ ಹೊರಟೆವು. ಅಕ್ಕನ ಮನೆ ಮುಂದೆ ಹಾಯ್ದು ಹೋಗುವಾಗ ಇಳಿದು ಚಹಾ ಕುಡಿಯದೆ ಹೋಗುವುದುಂಟೇ? ಇಳಿದೆವು, ಕುಡಿದೆವು. ಹತ್ತಿ ಕೂತರೆ 'ಕಟ್'. ಅದು ಆರುವಷ್ಟರಲ್ಲಿ ಕತ್ತಲಾಯಿತು, ಮೋಟಾರಿನ ದೀಪಗಳು ಉರಿಯುತ್ತಿರಲಿಲ್ಲ. ಮರುದಿನ ಇವರು ಬಟ್ಟೆ ಅಂಗಡಿ ತೆರೆಯಬೇಕು. ರಾತ್ರಿ ಅಲ್ಲೇ ಕಳೆದು, ಬೆಳಗಾಗುತ್ತಲೇ ಸಿಂಧನೂರಿಗೆ ವಾಪಸು.

ಎರಡನೆಯ ವರ್ಷ ಇವರು ಎಂಜಿನ್ ನಿಲ್ಲಿಸದೆ, ಕೂತಲ್ಲಿಂದಲೇ ಅಕ್ಕನನ್ನು ಕರೆದರು. ಅಕ್ಕ ಹೊರಗೆ ಬಂದು ನೋಡಿ, "ಯಾಕ ತಮ್ಮಾ, ನಮ್ಮ ಹೊಸ್ತಿಲಕ್ಕ ಮುಳ್ಳು ಹಚ್ಚೀವೇನು?" ಎಂದು ಕಣ್ಣು ತುಂಬಿಕೊಂಡರು. ಇವರು ಎಂಜಿನ್ ಬಂದ್ ಮಾಡಿದರು. ಆಮೇಲೆ ಮತ್ತೆ 'ಕಟ್'. ಆ ದಿನ ಅಕ್ಕ ಮಾಡಿದ ಕಡುಬು ಬಹಳ ರುಚಿಯಾಗಿದ್ದವು. ಅದಕ್ಕೂ ನನಗೆ ಸಿಟ್ಟು ಬಂತು.

ಮೂರನೆಯ ವರ್ಷ ನಾನು ಹಟ ಹಿಡಿದು ಒಂದು ದಿನ ಮೊದಲೇ ಹೊರಡಿಸಿದೆ. ಇವರೂ ಒಂದು ಉಪಾಯ ಹುಡುಕಿದ್ದರು. ಬೇಸಿಗೆಯಲ್ಲಿ ನೀರಿನ ಗಡಿಗೆಗೆ ಹಸಿ ಗೋಣಿತಟ್ಟು ಸುತ್ತುವುದಿಲ್ಲವೇ, ಹಾಗೆ ಸೆಲ್ಫಿಗೂ ಗೋಣಿತಟ್ಟು ಸುತ್ತಿ, ದಾರಿಯಲ್ಲಿ ಎರಡು ಸಲ ತಂಬಿಗೆಯಿಂದ ನೀರು ಹೊಯ್ದರು. ಮಸ್ಕಿಯಲ್ಲಿ ಚಹಾ ಕುಡಿದು ಬಂದು ಗುಂಡಿ ಒತ್ತಿದರೆ ಆ 'ಕಟ್' ಕೂಡ ಇಲ್ಲ. ಒಳಗೆ ನೀರು ಇಳಿದಿತ್ತು.

ನಾನು ಸೀದಾ ಅಕ್ಕನ ಅಡಿಗೆಮನೆಗೆ ಹೋಗಿ ಜೋರಾಗಿ ಅತ್ತುಬಿಟ್ಟೆ. "ನಮ್ಮವ್ವನ ಮಾರಿ ನೋಡಿ ಮೂರು ವರ್ಷ ಆತ್ರೀ ಅಕ್ಕಾ."

ಅಕ್ಕ ಹಬ್ಬದ ರೊಟ್ಟಿ ಬಡಿಯುತ್ತಿದ್ದರು. ಬೆಂದ ರೊಟ್ಟಿಗಳು ಕಡಕ್ ಆಗಲೆಂದು ಒಲೆಯ ಮುಂದೆ ಸಾಲಾಗಿ ಆನಿಸಿಟ್ಟಿದ್ದವು. ನನ್ನ ಮುಖ ನೋಡಿದರು, ರೊಟ್ಟಿಗಳನ್ನು ನೋಡಿದರು, ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಹೋದರು. ತಮ್ಮನಿಂದ ಮೋಟಾರಿನ ಮುಚ್ಚಳ ತೆಗೆಸಿ ಬಗ್ಗಿದರು.

"ಕಾವು ಯಾವುದಕ್ಕೈತಿ?"

"ಈ ಕೊಳವಿಗೆ. ಇದರ ಬಾಜೂಕ ಇರೂದು ಸೆಲ್ಫು."

"ಒಲಿ ಮುಂದ ಆನಿಸಿದ ರೊಟ್ಟಿಗೆ ಬೆಂಕಿ ಮುಟ್ಟತೈತೇನು? ಬರೇ ಝಳಕ್ಕ ಕಡಕ್ ಆಕ್ಕಾವ. ನಿನ್ನ ಸೆಲ್ಫೂ ಹಂಗ ಕುಂತೈತಿ. ನೀರ್ಯಾಕ ಹೊಯ್ತಿ? ನಡುವ ಒಂದು ತಗಡ ನಿಂದ್ರಸು."

"ಮೋಟಾರ್ ಅಂದ್ರ ಅಡಿಗಿಮನಿ ಅಲ್ಲಕ್ಕಾ," ಎಂದು ಇವರು ನಕ್ಕರು. ನಕ್ಕರೂ ಬೇರೆ ಕೆಲಸವಿರಲಿಲ್ಲ. ಚಿಮಣಿ ಎಣ್ಣೆಯ ಖಾಲಿ ಡಬ್ಬಿ ಕತ್ತರಿಸಿ, ತಗಡನ್ನು ನಡುವೆ ಸಂದು ಬಿಟ್ಟು ಎರಡು ಪದರ ಮಡಿಸಿ, ಆ ಕಡೆ ಕೊಳವೆಗೂ ಈ ಕಡೆ ಸೆಲ್ಫಿಗೂ ತಾಗದಂತೆ ತಂತಿಯಿಂದ ಬಿಗಿದರು.

ಬೆಳಗಾಗುವಷ್ಟರಲ್ಲಿ ಸೆಲ್ಫ್ ಒಣಗಿತ್ತು. ಇವರು ಮೋಟಾರನ್ನು ಊರ ಹೊರಗೆ ದೂರದವರೆಗೆ ಓಡಿಸಿ, ಚೆನ್ನಾಗಿ ಕಾಯಿಸಿಕೊಂಡು ಬಂದು, ಬೇಕೆಂದೇ ಅಕ್ಕನ ಬಾಗಿಲಲ್ಲಿ ನಿಲ್ಲಿಸಿದರು. ಚಹಾ ಕುಡಿದೆವು. ನಾನು ದೇವರನ್ನೆಲ್ಲ ನೆನೆದೆ. ಇವರು ಗುಂಡಿ ಒತ್ತಿದರು.

ಒಂದೇ ಏಟಿಗೆ ಶುರುವಾಯಿತು! ಇವರು ತಾವೇ ತಲೆ ಓಡಿಸಿದವರ ಹಾಗೆ ಮೀಸೆ ತಿರುವಿದರು. ನಾನು ಚಪ್ಪಾಳೆ ತಟ್ಟಿದೆ. ಅಕ್ಕನೂ ನಕ್ಕರು. ನಕ್ಕು, ಮೆಲ್ಲಗೆ, "ಛಲೋ ಆತು. ಇನ್ನ ನೀವು ಇಲ್ಲಿ ನಿಂದ್ರೂದಿಲ್ಲ ಬಿಡ್ರಿ," ಎಂದರು.

ನನ್ನ ಚಪ್ಪಾಳೆ ನಿಂತುಹೋಯಿತು. ಅಕ್ಕನ ತವರು ಎಂದರೆ ಸಿಂಧನೂರಿನ ನಮ್ಮ ಮನೆಯೇ. ಅತ್ತೆ ಮಾವ ತೀರಿದ ಮೇಲೆ ಅವರನ್ನು ಪಂಚಮಿಗೆ ಕರೆದವರಿಲ್ಲ. ಕೆಟ್ಟು ನಿಂತ ಮೋಟಾರಿನಿಂದಲೇ ಅವರಿಗೆ ಎರಡು ವರ್ಷ ಹಬ್ಬಕ್ಕೆ ತಮ್ಮ ಸಿಕ್ಕಿದ್ದ. ನನ್ನ ಅಳು ನೋಡಲಾರದೆ ಅದನ್ನೂ ಬಿಟ್ಟುಕೊಟ್ಟಿದ್ದರು. ಮೋಟಾರಿನ ಬಾಗಿಲು ತೆರೆದೆ.

"ಹತ್ರೀ ಅಕ್ಕಾ."

"ಎಲ್ಲಿಗಬೇ?"

"ನಮ್ಮವ್ವನ ಮನಿಗೆ."

ಅಕ್ಕ ತಮ್ಮನ ಕಡೆ ನೋಡಿದರು. ಇವರು ದಾರಿಯ ಕಡೆ ಮುಖ ಮಾಡಿಕೊಂಡೇ, "ಲಗೂ ಹತ್ತಕ್ಕಾ, ಜೋಕಾಲಿ ಕಟ್ಟಿರ್ತಾರ," ಎಂದರು.

ಅಕ್ಕ ಸೀರೆ ಕೂಡ ಬದಲಿಸಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹತ್ತಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಮನೆಯೊಳಗಿದ್ದ ಗಂಡನಿಗೆ ಓಣಿಯೆಲ್ಲ ಕೇಳುವಂತೆ ಕೂಗಿದರು: "ಕೇಳಿಸ್ತೇನ್ರೀ? ರೊಟ್ಟಿ ಬುಟ್ಟ್ಯಾಗ ಅದಾವ! ನಾ ತವರಿಗೆ ಹೊಂಟೀನಿ!"