ಕುದುರೆ ಇಲ್ಲದ ಪಿಸ್ತೂಲು

ಕಾರ್ಕಳದಲ್ಲಿ ನನ್ನದೊಂದು ಕೋವಿ ರಿಪೇರಿ ಅಂಗಡಿ ಇತ್ತು. ಹಂದಿ ಓಡಿಸುವ ರೈತರ ಕೋವಿಗಳೇ ನನ್ನ ಅನ್ನ. ಪಿಸ್ತೂಲು ವರ್ಷಕ್ಕೊಂದು ಬಂದರೆ ಹೆಚ್ಚು. ಆದರೂ ಎಲ್ಲಿಂದಲೋ ಸಿಕ್ಕಿದ ಅಮೆರಿಕದ ಹಳೆಯ ಪಿಸ್ತೂಲು ಕ್ಯಾಟಲಾಗೊಂದನ್ನು ಬಾಯಿಪಾಠ ಮಾಡಿ, ಈ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಕೇಳುವವರೇ ಇರಲಿಲ್ಲ, ಅದು ಬೇರೆ ಮಾತು.

ಎಪ್ಪತ್ತರ ದಶಕದ ಕೊನೆಯಲ್ಲೊಂದು ದಿನ ಕಟಪಾಡಿಯ ಮೀನು ವ್ಯಾಪಾರದ ಹೆಂಗಸೊಬ್ಬರು ಬಸ್ಸಿಳಿದು ಸೀದಾ ಅಂಗಡಿಗೆ ಬಂದರು. ಎರಡು ದೋಣಿಗಳ ಯಜಮಾನರಾಗಿದ್ದ ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಅವರ ಪಿಸ್ತೂಲನ್ನು ಉಡುಪಿಯ ಲೈಸೆನ್ಸ್ ಕಚೇರಿಗೆ ಒಯ್ದು ತೋರಿಸಿದರೆ, ಲೈಸೆನ್ಸಿನಲ್ಲಿ ಬರೆದದ್ದು ಇದಲ್ಲ, ಅಸಲಿಯನ್ನು ಗಂಡ ಮಾರಿಕೊಂಡಿದ್ದಾನೆ ಎಂದು ಅಧಿಕಾರಿ ಪಿಸ್ತೂಲನ್ನು ಅಲ್ಲೇ ಇಟ್ಟುಕೊಂಡರಂತೆ.

"ಪಿಸ್ತೂಲು ಹಾಳಾಗಿ ಹೋಗಲಿ. ತೂಕದಲ್ಲಿ ಒಂದು ಬೂತಾಯಿ ಮೀನು ಕಡಿಮೆ ಬಿದ್ದರೆ ಗಿರಾಕಿಯನ್ನು ವಾಪಸ್ ಕರೆದು ಕೊಟ್ಟವರು ನಮ್ಮವರು. ಈಗ ಅವರು ಕಳ್ಳರಂತೆ! ಸತ್ತವರು ಬಂದು ಅಲ್ಲ ಅಂತ ಹೇಳ್ತಾರಾ? ನೀವು ಬಂದು ಹೇಳ್ಬೇಕು."

ಹೋದೆ. ಅಧಿಕಾರಿ ಘಟ್ಟದ ಮೇಲಿನವರು. ಲೈಸೆನ್ಸಿನಲ್ಲಿ ನಂಬ್ರ ಇದ್ದ ಜಾಗವನ್ನು ಗೆದ್ದಲು ತಿಂದಿತ್ತು. ಉಳಿದದ್ದನ್ನು ಗಟ್ಟಿಯಾಗಿ ಓದಿದರು: "ಕುದುರೆ ಇಲ್ಲದ ಪಿಸ್ತೂಲು. ನಳಿಗೆ ನಾಲ್ಕು ಇಂಚು. ಮೂತಿಗೆ ಬಳೆ ಉಂಟು." ಆಮೇಲೆ ಪಿಸ್ತೂಲನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ನೋಡಿ, ಮೇಲೊಂದು ಕುದುರೆ. ಹಿಡಿಯ ಈ ಕಡೆ ಒಂದು, ಆ ಕಡೆ ಒಂದು. ಮೂರು!"

ಸುಳ್ಳಲ್ಲ. ಹಿಂಗಾಲಲ್ಲಿ ನಿಂತ ಕುದುರೆಯ ಚಿತ್ರವೇ ಅದನ್ನು ಮಾಡಿದ ಅಮೆರಿಕದ ಕಂಪನಿಯ ಮಾರ್ಕು. ನನಗೆ ನಗು ತಡೆಯಲಾಗಲಿಲ್ಲ. ಆ ಹೆಂಗಸು ದುರುಗುಟ್ಟಿ ನೋಡಿದರು.

"ಸಾರ್, ನಮ್ಮಲ್ಲಿ ಕುದುರೆ ಅಂದರೆ ಕೋವಿಯ ಹಿಂದೆ ಹೆಬ್ಬೆರಳಲ್ಲಿ ಎಳೆಯುತ್ತೇವಲ್ಲ, ಅದು. ಇಂಗ್ಲಿಷಿನ ಹ್ಯಾಮರ್. ಇದು ಹ್ಯಾಮರ್‌ಲೆಸ್ ಪಿಸ್ತೂಲು. ಲೈಸೆನ್ಸು ಬರೆದ ಗುಮಾಸ್ತರು ಸರಿಯಾಗಿಯೇ ಬರೆದಿದ್ದಾರೆ."

ಬಾಗಿಲಲ್ಲಿದ್ದ ಪೇದೆಯೂ ಬಾಯಿ ಹಾಕಿದ. "ಹೌದು ಸಾರ್, ಇನ್ನಂಜೆಯಲ್ಲಿ ನಮ್ಮ ಮನೆಯ ಕೋವಿಗೂ ಕುದುರೆ ಉಂಟು."

ಅಲ್ಲಿಗೆ ಸುಮ್ಮನಿದ್ದರೆ ಕೆಲಸ ಮುಗಿಯುತ್ತಿತ್ತು. ನನ್ನ ಹಾಳು ಪಾಂಡಿತ್ಯ ಬಿಡಬೇಕಲ್ಲ! ತೋರಿಸುತ್ತೇನೆ ಎಂದು ಪಿಸ್ತೂಲಿನ ಮೇಲಿನ ಕವಚವನ್ನು ಕಳಚಿಯೇಬಿಟ್ಟೆ. ಒಳಗೆ ಪುಟ್ಟ ಹ್ಯಾಮರ್ ಠೀವಿಯಿಂದ ಕೂತಿತ್ತು.

"ಇದೇನು?"

"ಅದು... ಕುದುರೆ ಸಾರ್."

"ನಾಲ್ಕನೆಯದು!"

"ಎಂತ ಮಾರಾಯ್ರೆ, ನೀವು ಯಾರ ಕಡೆ?" ಎಂದರು ಆ ಹೆಂಗಸು. ಅವರ ಕಣ್ಣಲ್ಲಿ ನೀರು ಬಂದಿತ್ತು.

ಕಿಸೆಯ ಬಟ್ಟೆಗೆ ಸಿಕ್ಕಿಕೊಳ್ಳಬಾರದೆಂದು ಅದನ್ನು ಒಳಗೆ ಅಡಗಿಸಿದ್ದಾರೆ, ಹೊರಗೆ ಕಾಣದ್ದರಿಂದ ಕಂಪನಿಯೇ ಇದನ್ನು ಕುದುರೆ ಇಲ್ಲದ್ದೆಂದು ಕರೆಯಿತು ಎಂದು ತೊದಲಿದೆ. ಅಧಿಕಾರಿ ನಂಬಲಿಲ್ಲ. ಆಗ ನಳಿಗೆಯ ತುದಿಯನ್ನು ಸುತ್ತಿದ ಲೋಹದ ಬಳೆಯ ನೆನಪಾಯಿತು.

"ಸಾರ್, ಈ ಪಿಸ್ತೂಲನ್ನು ಮೊದಲು ಮಾಡಿದಾಗ ನಳಿಗೆ ನಾಲ್ಕು ಇಂಚು, ಮೂತಿಗೆ ಬಳೆ. ಆಮೇಲೆ ನಳಿಗೆಯಲ್ಲಿ ಕಾಲು ಇಂಚು ಕಡಿಮೆ ಮಾಡಿದರು, ಬಳೆ ಉಳಿಯಿತು. ಮತ್ತೆ ಬಳೆಯನ್ನೂ ತೆಗೆದರು. ಕೊನೆಕೊನೆಗೆ ಬಂದವುಗಳಲ್ಲಿ ಮ್ಯಾಗಜೀನ್ ಹಾಕದೆ ಗುಂಡು ಹಾರುವುದೇ ಇಲ್ಲ. ನಾಲ್ಕು ಇಂಚೂ ಬಳೆಯೂ ಒಟ್ಟಿಗೆ ಇರುವುದು ಮೊದಲಿನದ್ದರಲ್ಲಿ ಮಾತ್ರ. ಅಂಥದ್ದು ಈ ಊರಲ್ಲಿ ಇನ್ನೊಂದು ಎಲ್ಲಿಂದ ಬರಬೇಕು? ನೀವೇ ಅಳೆಯಿರಿ."

ಅಧಿಕಾರಿ ಮೇಜಿನ ಸ್ಕೇಲು ಇಟ್ಟು ಅಳೆದರು. ಸರಿಯಾಗಿ ನಾಲ್ಕು. ಮೂತಿಯ ಸುತ್ತ ಉಗುರಾಡಿಸಿ ಬಳೆ ಇದೆಯೇ ಎಂದು ನೋಡಿದರು. ಇತ್ತು. "ಇದೇ ಪಿಸ್ತೂಲು" ಎಂದು ಒಪ್ಪಿ, ಅದನ್ನು ಜೋಡಿಸಲು ಹೇಳಿ ಆಕೆಯ ಮುಂದೆ ಇಡಿಸಿದರು.

ಆಕೆ ತಮ್ಮ ಬೋಳು ಮುಂಗೈ ಸವರಿಕೊಂಡರು. "ನನ್ನ ಬಳೆ ಹೋಯ್ತು. ಇದರ ಬಳೆ ಅವರ ಮಾನ ಉಳಿಸಿತು" ಎಂದು ಪಿಸ್ತೂಲನ್ನು ಅಧಿಕಾರಿಯ ಕಡೆಗೇ ತಳ್ಳಿದರು. "ಇದು ನನಗೆ ಬೇಡ. ಇನ್ನು ಸರಕಾರವೇ ಇಟ್ಟುಕೊಳ್ಳಲಿ. ರಶೀದಿ ಕೊಡಿ."

ಅಧಿಕಾರಿ ಈ ಸಲ ಎಚ್ಚರದಿಂದ ಬರೆದು ಓದಿದರು: "ಪಿಸ್ತೂಲು ಒಂದು. ಕುದುರೆ ಹೊರಗೆ ಮೂರು, ಒಳಗೆ ಒಂದು. ಬಳೆ ಒಂದು."

ಆಕೆ ಕುರ್ಚಿ ಬಿಟ್ಟು ಏಳಲಿಲ್ಲ.

"ಯಜಮಾನರು ಕಳ್ಳರಲ್ಲ ಅಂತ ಉಂಟಾ ಅದರಲ್ಲಿ?"

ಇರಲಿಲ್ಲ. ಅಧಿಕಾರಿ ಮತ್ತೆ ಪೆನ್ನು ತೆಗೆದು, ಅದನ್ನೂ ಬರೆದರು.