ಮೂಗೂರು ರಸ್ತೆಯ ಹಳದಿ ಬುಲ್ಡೋಜರ್

ಅವತ್ತೂ ಎಂದಿನಂತೆ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಕಾಯಲು ಇಟ್ಟೆ. ತೊಂಬತ್ತರ ದಶಕದ ಕೊನೆಯ ಒಂದು ಶನಿವಾರ, ಅವರೆಕಾಯಿ ಕಾಲದ ಚಳಿ. ಕಪಿಲೆಯ ಕಡೆಯಿಂದ ಬಂದ ಮಂಜು ನಂಜನಗೂಡಿನ ನಮ್ಮ ಬೀದಿಯನ್ನೆಲ್ಲ ಮುಚ್ಚಿತ್ತು. ನಮ್ಮವರು ನನಗಿಂತ ಮೊದಲೇ ಎದ್ದು, ಮನೆ ಪಕ್ಕದ ನಮ್ಮ ಖಾಲಿ ಸೈಟನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದರು. ಅವರು ಕೊಳ್ಳಬೇಕೆಂದಿದ್ದ ಬುಲ್ಡೋಜರ್ ಬಂದರೆ ಅಲ್ಲೇ ನಿಲ್ಲಬೇಕು. ನೆರೆಮನೆಯ ಗೌರಮ್ಮನವರ ನುಗ್ಗೆಮರದ ಕೊಂಬೆಯೊಂದು ಸೈಟಿನೊಳಕ್ಕೆ ಚಾಚಿತ್ತು. ಅದನ್ನು ಕಡಿಸಬೇಕಾಗುತ್ತದೆ ಎಂದು ಹಿಂದಿನ ದಿನವೇ ಹೇಳಿಬಂದಿದ್ದರು. “ಮೊದ್ಲು ಬರ್ಲಿ ಬುಡಿ” ಅಂದಿದ್ದರಂತೆ ಆಕೆ.

ನಮ್ಮವರು ಊರಿನ ಗಿರಣಿಯೊಂದರಲ್ಲಿ ಸೂಪರ್‌ವೈಸರ್. ಅವರ ತಂದೆ ಕಾಲುವೆ ತೋಡುವ ಕೆಲಸದಲ್ಲಿ ಬುಲ್ಡೋಜರ್ ಓಡಿಸುತ್ತಿದ್ದವರು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಲಿವರ್ ಹಿಡಿಸುತ್ತಿದ್ದರಂತೆ. ಆ ಕಥೆಯನ್ನು ನಾನು ಮದುವೆಯಾದ ವಾರದಿಂದ ಕೇಳಿಕೊಂಡು ಬಂದವಳು. ಅಂಥದೇ ಒಂದು ಹಳೇ ಯಂತ್ರ ಮೂಗೂರು ರಸ್ತೆಯಲ್ಲಿ ಮಾರಾಟಕ್ಕಿದೆ ಎಂದು ತಿಳಿದಾಗಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲ. ಯಂತ್ರ ಚೆನ್ನಾಗಿದ್ದರೆ ಸೋಮವಾರ ಗಿರಣಿಗೆ ರಾಜೀನಾಮೆ ಕೊಟ್ಟು, ಕಾಲುವೆ ನೀರು ಬಂದ ಕಡೆ ಗದ್ದೆ ಮಟ್ಟ ಮಾಡಿಕೊಡುವ ಕೆಲಸಕ್ಕೆ ಇಳಿಯುವುದು. ನನಗೆ ಒಳಗೊಳಗೇ ಭಯ. ಆದರೆ ಅವರು ಅಷ್ಟು ಹುರುಪಾಗಿದ್ದುದನ್ನು ನಾನು ನೋಡಿಯೇ ಇರಲಿಲ್ಲ.

“ನೀನೂ ಬಾ. ಒಳ್ಳೆ ಕೆಲ್ಸಕ್ಕೆ ಹೊರಟಿದ್ದೀನಿ” ಅಂದರು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಸೂತಿ ಕಲಿಸಿದ್ದರು, ಮೇಜಿನ ಮೇಲೆ ಮೊಣಕೈ ಊರಬಾರದೆಂದು ಕಲಿಸಿದ್ದರು. ಬುಲ್ಡೋಜರ್ ನೋಡುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಆದರೂ ಸೀರೆ ಬದಲಾಯಿಸಿ, ಮಡಿಸಿದ ಕರ್ಚೀಫು ಹಿಡಿದು ಹೊರಟೆ.

ತಿ. ನರಸೀಪುರದ ಕೆಂಪು ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಒಂದು ಗಂಟೆಗೂ ಮೇಲಿನ ದಾರಿ. ಕಿಟಕಿಯ ಗಾಜು ಮೇಲಕ್ಕೂ ಏರದು, ಕೆಳಕ್ಕೂ ಇಳಿಯದು. ಕಂಡಕ್ಟರ್ ಚಿಲ್ಲರೆಯಿಲ್ಲವೆಂದು ಟಿಕೆಟ್ಟಿನ ಹಿಂದೆ ಗೀಚಿಕೊಟ್ಟ. ಇಳಿಯುವಾಗ ಕೇಳಲು ನಾಚಿಕೆಯಾಗಿ ಬಿಟ್ಟುಬಿಟ್ಟೆ. ದಾರಿಯುದ್ದಕ್ಕೂ ರಸ್ತೆಯ ಮೇಲೆಯೇ ಹುರುಳಿ ಹರಡಿದ್ದರು, ನಮ್ಮ ಬಸ್ಸೇ ಅದನ್ನು ಒಕ್ಕಿಕೊಂಡು ಹೋಯಿತು. ನರಸೀಪುರದ ಸ್ಟ್ಯಾಂಡಿನಲ್ಲಿ ಬಿಸಿ ಇಡ್ಲಿ ತಿಂದೆವು, ಚಟ್ನಿ ಬಹಳ ಖಾರ. ಅಲ್ಲಿಂದ ಮೂಗೂರಿನ ಬಸ್ಸು ಹಿಡಿದು ಅರ್ಧ ದಾರಿಗೆ ಇಳಿದೆವು.

ಮಾರುವ ಚಿಕ್ಕಣ್ಣ ಹೊಲದ ಬದುವಿನಲ್ಲೇ ಕಾಯುತ್ತಿದ್ದ. ಹುಣಸೇಮರದ ನೆರಳಲ್ಲಿ ಹಳದಿ ಬುಲ್ಡೋಜರ್ ನಿಂತಿತ್ತು, ಕೊರಳಿಗೆ ಚೆಂಡುಹೂವಿನ ಹಾರ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಬ್ಲೇಡಿನ ಮೇಲೆ ಹನಿಗಳು ನಿಂತಿದ್ದವು.

“ನೀವು ಬತ್ತೀರಿ ಅಂತ ಇನ್ನೂ ಸ್ಟಾರ್ಟೇ ಮಾಡಿಲ್ಲ ಸಾ. ನಿಮ್ಮ ಕೈಯಲ್ಲೇ ಮಾಡಿ, ಒಂದೇ ಏಟ್ಗೆ ಗುರ್ರ್ ಅಂತದೆ.”

ನಮ್ಮವರು ಗೋಣಿಚೀಲ ಹಾಸಿ ಕೆಳಗೆ ತೂರಿದರು. ಚೈನಿನ ಪಿನ್ನುಗಳನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿದರು, ಬ್ಲೇಡಿನ ಅಂಚನ್ನು ಗೇಣು ಹಾಕಿ ನೋಡಿದರು, ಎಣ್ಣೆಯ ಕಡ್ಡಿ ಎಳೆದು ನನ್ನ ಬಿಳಿ ಕರ್ಚೀಫಿಗೇ ಒರೆಸಿದರು. ಆಮೇಲೆ ಹತ್ತಿ ಕೂತರು. ಸೀಟಿನ ರೆಕ್ಸಿನ್ ಹರಿದು ತೆಂಗಿನ ನಾರು ಹೊರಬಂದಿತ್ತು. ಎರಡೂ ಕೈಗಳಲ್ಲಿ ಲಿವರ್ ಹಿಡಿದು ನನ್ನ ಕಡೆ ನೋಡಿ ನಕ್ಕರು. ತಂದೆಯ ತೊಡೆಯ ಮೇಲಿದ್ದ ಹುಡುಗ ಹೇಗಿದ್ದಿರಬೇಕೆಂದು ಆಗ ಕಂಡೆ.

ಚಿಕ್ಕಣ್ಣ ಕುಂಕುಮದ ಬಟ್ಟಲು ತಂದು ನನ್ನ ಮುಂದೆ ಹಿಡಿದ. “ಅಮ್ಮಾರೇ, ನಿಮ್ಮ ಕೈಯಿಂದ ಒಂದ್ ಬೊಟ್ಟು ಇಟ್ಬುಡಿ. ಮನೆ ಲಕ್ಸ್ಮಿ ಮುಟ್ಟಿದ್ರೆ ಆಯ್ತು, ಬ್ಯಾಪಾರ ಮುಗಿದಂಗೇಯ.”

ಎಂಜಿನ್ ಮುಚ್ಚಿದ ಮೂತಿಯ ತಗಡಿಗೆ ಕುಂಕುಮವಿಟ್ಟೆ. ಆಯುಧಪೂಜೆಯಲ್ಲಿ ಮಾಡುವಂತೆ ಅಂಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋದೆ. ತಗಡು ಬೆಚ್ಚಗಿತ್ತು, ಒಲೆಯಿಂದ ಇಳಿಸಿಟ್ಟ ಹಾಲಿನ ಪಾತ್ರೆಯಂತೆ.

ಹೇಳಲೋ ಬೇಡವೋ? ಅವರ ನಗು ನೋಡಿದರೆ ಬೇಡವೆನ್ನಿಸಿತು. ಸೋಮವಾರ ನೆನಪಾಯಿತು. ಚಿಕ್ಕಣ್ಣನಿಗೆ ನೋವಾಗದಿರಲಿ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ, “ಇಟ್ ಈಸ್ ವಾರ್ಮ್” ಅಂದೆ.

ಉತ್ತರ ಬಂದದ್ದು ಚಿಕ್ಕಣ್ಣನಿಂದ. “ಬಿಸ್ಲಿಗೆ ನಿಂತದಲ್ಲಾ, ವಾರ್ಮು ಇದ್ದೇ ಇರ್ತದೆ ಕಣಮ್ಮಾ!”

“ಬಿಸಿಲೆಲ್ಲಿದೆ ಚಿಕ್ಕಣ್ಣ?” ಅಂದರು ನಮ್ಮವರು. ಇಳಿದು ಬಂದು ತಾವೂ ಮುಟ್ಟಿದರು. ಅವರ ಮುಖದಲ್ಲಿದ್ದ ಹುಡುಗ ಹೊರಟುಹೋದ. “ನಾವು ಬರೋಕೆ ಮೊದ್ಲೇ ಒಂದ್ಸಲ ಸ್ಟಾರ್ಟ್ ಮಾಡಿಟ್ಟಿದ್ದೀಯ. ತಣ್ಣಗಾಗ್ಲಿ. ಕಾಯ್ತೀವಿ.”

ಚಿಕ್ಕಣ್ಣ ತಲೆ ಕೆರೆದುಕೊಂಡ. ಆದರೆ ಮನೆಗೆ ಬಂದವರನ್ನು ಹಸಿವಿನಲ್ಲಿ ಕೂರಿಸುವ ಪೈಕಿ ಅಲ್ಲ. ಅವನ ಹೆಂಡತಿ ನಮಗೆ ಮುದ್ದೆ, ಹಿತಕಿದ ಅವರೆಬೇಳೆ ಸಾರು ಬಡಿಸಿದಳು. ಮುದ್ದೆಯನ್ನು ನಾನು ಸಣ್ಣಸಣ್ಣಗೆ ಮುರಿಯುವುದು ಕಂಡು, “ಗುಬ್ಬಿಗೆ ಆಕ್ದಂಗೆ ಮುರೀತೀರಲ್ಲವ್ವ!” ಎಂದು ನಕ್ಕಳು. ಅಂಥ ಸಾರನ್ನು ನಾನು ಆಮೇಲೆ ಎಷ್ಟು ಸಲ ಪ್ರಯತ್ನಿಸಿದರೂ ಮಾಡಲಾಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ತಗಡು ತಣ್ಣಗಾಗಿತ್ತು. ನಮ್ಮವರು ಕೀಲಿ ತಿರುಗಿಸಿದರು. ಯಂತ್ರ ಕಿರ್ರ್ ಎಂದು ನರಳಿ ನಿಂತಿತು. ಮತ್ತೆ ತಿರುಗಿಸಿದರು, ಮತ್ತೆ ನರಳಿತು. ಕೊನೆಗೆ ಚಿಕ್ಕಣ್ಣನೇ ಸೋತವನಂತೆ ನಕ್ಕು, ಬಟ್ಟೆಯ ಉಂಡೆಗೆ ಡೀಸೆಲ್ ಹಚ್ಚಿ ಬೆಂಕಿ ಕೊಟ್ಟು, ಗಾಳಿ ಎಳೆಯುವ ಕೊಳವೆಯ ಬಾಯಿಗೆ ಹಿಡಿದ. “ದಿನಾ ಬೆಳಿಗ್ಗೆ ಇಂಗೆ ಆರತಿ ಎತ್ತಿದ್ರೇನೇ ಇದ್ಕೆ ಸಮಾಧಾನ ಸಾ. ನನ್ಗೂ ವಯಸ್ಸಾಯ್ತು, ಅದ್ಕೂ ಆಯ್ತು.” ಯಂತ್ರ ಎದ್ದಿತು. ಹುಣಸೇಮರ ಮರೆಯಾಗುವಷ್ಟು ಹೊಗೆ ಬಂತು. ಆ ಹೊಗೆಯಲ್ಲಿ ನಮ್ಮವರು ಸ್ವಲ್ಪ ಹೊತ್ತು ಲಿವರ್ ಹಿಡಿದು ಕೂತೇ ಇದ್ದರು. ಆಮೇಲೆ ತಾವೇ ಆರಿಸಿ ಇಳಿದರು.

“ಬೇಡ ಚಿಕ್ಕಣ್ಣ. ಊಟ ಚೆನ್ನಾಗಿತ್ತು.”

ನರಸೀಪುರದಲ್ಲಿ ಬಸ್ಸು ಬದಲಿಸಿ ಊರ ಕಡೆ ಹೊರಟೆವು. ಸೇತುವೆಯ ಮೇಲೆ, ಹೊರಗೆ ನೋಡುತ್ತಲೇ, “ನೀನು ಮುಟ್ಟದೇ ಇದ್ದಿದ್ರೆ ತಗೊಂಡ್‌ಬಿಡ್ತಿದ್ದೆ” ಅಂದರು. ಅದು ಮೆಚ್ಚುಗೆಯೋ ಆಕ್ಷೇಪವೋ ನನಗೆ ಇವತ್ತಿಗೂ ತಿಳಿಯದು. ಸೋಮವಾರ ಎಂದಿನಂತೆ ಗಿರಣಿಗೆ ಹೋದರು; ನಿವೃತ್ತಿಯವರೆಗೂ ಹೋದರು. ಎಣ್ಣೆಯ ಕಲೆಯಿದ್ದ ಆ ಕರ್ಚೀಫನ್ನು ಎಷ್ಟು ಒಗೆದರೂ ಬೆಳ್ಳಗಾಗಲಿಲ್ಲ. ಎಸೆಯಲೂ ಮನಸ್ಸು ಬರಲಿಲ್ಲ.

ಆ ಸಂಜೆ ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ನಮ್ಮವರು ಒಳಗೆ ಬಾರದೆ ಖಾಲಿ ಸೈಟಿನ ನಡುವೆ ನಿಂತುಬಿಟ್ಟರು. ಗೌರಮ್ಮ ಗೋಡೆಯ ಮೇಲಿಂದ ಇಣುಕಿದರು.

“ಬರ್ಲಿಲ್ವಾ ನಿಮ್ಮ ಬುಲ್ಡೋಜರು? ಓಗ್ಲಿ ಬುಡಿ, ನನ್ನ ಕೊಂಬೆ ಉಳ್ಕತು. ತಕ್ಕಳಿ, ಸಾರಿಗೆ ಒಂದ್ ಇಡಿ ನುಗ್ಗೆಸೊಪ್ಪು.”