ಶೀಟಿನ ಮನೆಗೆ ನೆರಳು ಕೊಟ್ಟ ತಾತ

ಆ ತಾತನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವತ್ತೋ ಕುಡುಗೋಲು ತಗುಲಿ ಹೋಗಿತ್ತಂತೆ. ಆ ಬೋಳು ಬೆರಳಿನಿಂದಲೇ ನಮ್ಮ ಪಡುವಣ ಗೋಡೆಯನ್ನು ಒತ್ತಿ ನೋಡಿ, "ಇದು ಮನೆಯಲ್ಲ ಕಣವ್ವ, ಒಲೆ" ಎಂದಿದ್ದರು.

ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಮ್ಮದು ಶೀಟಿನ ಮನೆ. ಅದು ನಿಂತ ನೆಲ ತಾತನ ರಾಗಿ ಹೊಲವಾಗಿತ್ತು. ಬಡಾವಣೆಗೆಂದು ಸರ್ಕಾರ ತೆಗೆದುಕೊಂಡಿತ್ತು. ನಾವು ಅರ್ಜಿ ಹಾಕಿ ಪಡೆದವರು, ಅವರು ಕಳೆದುಕೊಂಡವರು. ಆದರೂ ದಿನಾ ಬೆಳಿಗ್ಗೆ ಹೊಲಕ್ಕೆ ಬರುವವರಂತೆಯೇ ಬಂದು ನಮ್ಮ ಹಿತ್ತಲಲ್ಲಿ ಕೂರುತ್ತಿದ್ದರು. ಅವರ ಮುಖ ನೋಡಲು ನನಗೆ ಅಳುಕು. ಕಾಫಿ ಕೊಟ್ಟು ಒಳಗೆ ಬಂದುಬಿಡುತ್ತಿದ್ದೆ.

ಆ ಬೇಸಿಗೆಯಲ್ಲಿ ಮಗಳು ಹಸುಗೂಸು. ಮೈತುಂಬ ಬೆವರುಸಾಲೆ, ಹಾಲನ್ನೂ ಕುಡಿಯುತ್ತಿರಲಿಲ್ಲ. ಡಾಕ್ಟರು, "ಮೊದಲು ಮಗೂನ ಈ ಸೆಖೆಯಿಂದ ತಪ್ಪಿಸಿ. ಇಲ್ದಿದ್ರೆ ಉಳಿಯೋದು ಕಷ್ಟ" ಎಂದರು. ನಮ್ಮ ಯಜಮಾನರೋ, ಟೇಬಲ್ ಫ್ಯಾನು ವಾಸಿಯೋ ತಾರಸಿ ಹಾಕಿಸುವುದು ವಾಸಿಯೋ ಎಂದು ಆಫೀಸಿನವರನ್ನೆಲ್ಲ ವಿಚಾರಿಸುತ್ತಿದ್ದರು. ನಮ್ಮ ಬೀದಿಗಿನ್ನೂ ಕರೆಂಟೇ ಬಂದಿರಲಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂದರೆ ಇದೇ.

ವಿಷಯ ತಿಳಿದ ತಾತ, "ಫ್ಯಾನು ಬಿಸಿಗಾಳಿನೇ ತಿರುಗಿಸ್ತದೆ ಸ್ವಾಮಿ. ಬಿಸ್ಲು ಸೂರಿಗೆ ಬೀಳ್ದಂಗೆ ನೋಡ್ಕಬೇಕು" ಎಂದರು. ಅಂದೇ ಮಗನನ್ನು ಕರೆತಂದು ಶೀಟಿನ ಮೇಲೆ ಹೊಂಗೆ ಸೊಪ್ಪು ಹರಡಿಸಿದರು. ಪಡುವಣ ಗೋಡೆಗೆ ಚಪ್ಪರ ಎಬ್ಬಿಸಿ, ಬುಡಕ್ಕೆ ಸೋರೆಬೀಜ ಊರಿದರು.

"ಚಳಿಗಾಲಕ್ಕೆ ಮನೆ ಥಂಡಿಯಾಗಲ್ವೇ?" ಎಂದು ನಮ್ಮವರು ಕೇಳಿದರು.

"ಅಷ್ಟೊತ್ತಿಗೆ ಬಳ್ಳಿ ಒಣಗಿರ್ತದೆ. ಕಿತ್ತಾಕಿ ಬಿಸ್ಲು ಬಿಟ್ಕಳಿ. ಬೇಸ್ಗೇಲಿ ನೆಳ್ಳು, ಚಳೀಲಿ ಕಾವು, ಎರಡೂ ಪುಕ್ಕಟೆ."

ಸೊಪ್ಪು ಒಣಗಿದಾಗಲೆಲ್ಲ ಹೊಸದು ತಂದು ಹಾಕಿದರು. ಬಳ್ಳಿ ಹಬ್ಬುವ ಹೊತ್ತಿಗೆ ಮಗಳು ಕೈಕಾಲು ಬಡಿದು ಆಡತೊಡಗಿದ್ದಳು. ಬಳ್ಳಿಗೆ ಊರ ಬಾವಿಯಿಂದ ನೀರು ಹೊತ್ತು ತರುತ್ತಿದ್ದುದೂ ತಾತನೇ. ನಾನು ಹಾಕುತ್ತೇನೆಂದರೆ, "ಈ ನೆಪದಲ್ಲಾದ್ರೂ ಮಣ್ಣು ಮುಟ್ತೀನಿ, ಬಿಡವ್ವ" ಎನ್ನುತ್ತಿದ್ದರು. ಮೊದಲ ಸೋರೆಕಾಯಿ ಕೊಡಲು ಹೋದೆ. "ನಿಮ್ಮ ಹಿತ್ಲುದ್ದು, ನೀವು ತಿನ್ನಿ" ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಗಳು ಓಡಾಡುವ ವಯಸ್ಸಿಗೆ ತಾತ ತೀರಿಕೊಂಡರು. ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ಅವರ ಮನೆತನದ ರೂಢಿ. ಈಗ ಹೊಲವೆಲ್ಲಿತ್ತು? ಊರಾಚೆಯ ಸ್ಮಶಾನದಲ್ಲಿ ಗುಂಡಿ ತೋಡಿದ್ದರು. ಅವರ ಮಗ ನಮ್ಮ ಬಾಗಿಲಿಗೆ ಬಂದ. ಹೊಸ್ತಿಲಾಚೆಯೇ ನಿಂತು, "ಅಕ್ಕ, ಅಪ್ಪನ ಗುಂಡಿಗೆ ಹಾಕಕ್ಕೆ ನಿಮ್ಮ ಹಿತ್ಲಿಂದ ಒಂದ್ ಹಿಡಿ ಮಣ್ಣು ತಗೊಳ್ಳಲಾ?" ಎಂದು ಕೇಳಿದ.

ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದ ನಾನು, ತಗೊಳ್ಳಪ್ಪ ಎಂದು ಅವನಿಗೆ ಅಪ್ಪಣೆ ಕೊಟ್ಟೆ.